ಇಪ್ಪತ್ತಮೂರನೆಯ ಲಿಂಕು

ತಾನು ಗುರುತು ಹಾಕಿದ್ದ ವಿಡಿಯೋಗಳಲ್ಲಿ ಇಪ್ಪತ್ತಮೂರನೆಯದು ಹೆಂಡತಿ ಕೋಮಲಳದೇ ಎಂದು ಧನಪಾಲನಿಗೆ ಗೊತ್ತಾದದ್ದು ಅದು ಮುಚ್ಚಿಹೋದ ಮೇಲೆ. ಬೆಳಿಗ್ಗೆ ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಸಕ್ಕುಬಾಯಿ ಸಿಕ್ಕು, "ಕೋಮಲಕ್ಕನ ವಿಡಿಯೋ ಹೋತಲ್ರಿ. ಕಡೀಕ ಏನ್ ಹೇಳ್ಯಾರ, ಕೇಳೀರೇನ್ರಿ?" ಎಂದಿದ್ದಳು.

"ಏನ್ ಹೇಳ್ಯಾಳ?"

"ಅದನ್ನ ಅವರನ್ನ ಕೇಳ್ರಿ," ಎಂದು ನಕ್ಕು ಹೋದಳು.

ಚಿಕ್ಕೋಡಿಯ ಕಚೇರಿ ಮುಟ್ಟಿ ತನ್ನ ಪಟ್ಟಿಯಲ್ಲಿದ್ದ ಆ ಲಿಂಕು ಒತ್ತಿದ. 'ಕಾನೂನಿನ ಕೋರಿಕೆಯ ಮೇರೆಗೆ ಈ ವಿಡಿಯೋ ನಿಮ್ಮ ದೇಶದಲ್ಲಿ ಲಭ್ಯವಿಲ್ಲ.' ನಿಮ್ಮ ದೇಶ ಎಂದರೆ ತಾನೂ ಸೇರಿ ಎಂಬುದು ಅವನಿಗೆ ಈವರೆಗೆ ಹೊಳೆದಿರಲಿಲ್ಲ.

ಕನ್ನಡ, ಮರಾಠಿ ಎರಡೂ ಭಾಷೆ ಬರುತ್ತದೆಂದೇ ಅವನಿಗೆ ಈ ನೌಕರಿ. ಸುತ್ತಲ ತಾಲೂಕುಗಳ ವಿಡಿಯೋ ನೋಡಿ, ಆಕ್ಷೇಪಾರ್ಹವಾದದ್ದಕ್ಕೆ ಗುರುತು ಹಾಕಿ, ಮುಚ್ಚಿಸಲೆಂದು ಮೇಲಕ್ಕೆ ಕಳಿಸಬೇಕು. ಎಂ.ಎ. ಓದಿದವನು, ಎರಡೇ ತಿಂಗಳಲ್ಲಿ ಸುಲಭದ ದಾರಿ ಕಂಡುಕೊಂಡಿದ್ದ. ಕನ್ನಡದಲ್ಲಿ ಮಾತಾಡುತ್ತಿದ್ದವರು ನಡುವೆ ಮರಾಠಿಗೆ ಹೊರಳಿದರೆ ಸಿಟ್ಟು ಬಂತೆಂದು ಅರ್ಥ. ಅಲ್ಲಿಗೇ ನಿಲ್ಲಿಸಿ ಗುರುತು ಹಾಕುತ್ತಿದ್ದ. ಸಿಟ್ಟು ಯಾಕೆಂದು ಕೇಳುತ್ತ ಕೂತರೆ ದಿನದ ಕೆಲಸ ಮುಗಿಯುವುದುಂಟೇ?

ಕೋಮಲ ತಂಬಾಕು ತುಂಬಿಡುವ ವಖಾರಿಯಲ್ಲಿ ದುಡಿಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ವಿಡಿಯೋದಲ್ಲಿ ಧೂಳಿಗೆಂದು ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಮುಖದ ಮಾತಿರಲಿ, ದನಿಯೂ ತನಗೆ ಗುರುತಾಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದು ಇವಳ ತಲೆಯಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಲೇಬೇಕೆನಿಸಿ, ಒಂದು ತಾಸು ಮೊದಲೇ ಕಚೇರಿ ಬಿಟ್ಟು ಬಸ್ಸು ಹತ್ತಿದ.

ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆ. ಅವಳು ಆಗಲೇ ತಾಟು ಹಾಕಿದ್ದಳು.

"ವಿಡಿಯೋದಾಗ ಏನ್ ಹೇಳಿದಿ?"

"ನೀವು ನೋಡಿಲ್ಲೇನ್ರಿ?"

"ಅರ್ಧ ನೋಡೀನಿ."

"ಅರ್ಧಾನ ನೋಡಿ ಗುರ್ತ ಹಾಕಿದ್ರಿ?"

ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. "ಈಗ ಹೇಳು. ಪೂರಾ ಕೇಳ್ತೀನಿ."

ಕೋಮಲ ಅವನನ್ನು ಹೊಸಬನನ್ನು ನೋಡುವಂತೆ ನೋಡಿ ಎದುರು ಕೂತಳು.

"ಗಾಳಿಗೆ ತಂಬಾಕ ಒಣಗಿ ತೂಕ ಕಡಿಮಿ ಆಗತೈತಿ ಅಂತ ವಖಾರಿ ಕಿಡಕಿ ತಗ್ಯಾಕ ಬಿಡೂದಿಲ್ಲ. ಕೂಸುಗೋಳು ಅದರಾಗ ಮಲಗತಾವು. ಕೆಮ್ಮಿ ಕೆಮ್ಮಿ ನೀಲಿ ಆಗತಾವು. ಅದನ್ನ ಹೇಳಿದೆ. ಆಮ್ಯಾಲ ನಿಮ್ಮ ವಿಷಯ ಹೇಳಿದೆ."

"ನಂದು?"

"ಐಕಾ," ಕೇಳಿರಿ ಎನ್ನುತ್ತ ಅವಳು ಮರಾಠಿಗೆ ಹೊರಳಿದಳು. ದನಿ ಏರಿತು. ಓಣಿಯಲ್ಲಿ ಯಾರೋ ನಿಂತ ಸಪ್ಪಳ.

ಧನಪಾಲ ಎದ್ದು ಬಾಗಿಲು ಹಾಕಿದ. ಕಿಟಕಿಯನ್ನೂ ಎಳೆದುಕೊಂಡು ಅಗಳಿ ಜಡಿದ.

"ಹೂಂ, ಈಗ ಹೇಳು."

ಹೊರಗೆ ಇನ್ನೂ ಬಿಸಿಲಿತ್ತು. ಒಳಗೆ ಅವನಿಗೆ ಅವಳ ಮುಖ ಕಾಣಲಿಲ್ಲ.