ಸೊಕ್ಕೆಯ ಹೊಲದಿಂದ ಎದ್ದ ವಿಮಾನ

ಕೆರೆಬಿಳಚಿಯ ವಿರೂಪಾಕ್ಷಪ್ಪ ವೆಲ್ಡಿಂಗ್ ಕಡ್ಡಿ ಹಚ್ಚಿದರೆ ಚನ್ನಗಿರಿ ಪೇಟೆಯ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಅವನು ಮಾಡಿದ ಅಡಿಕೆ ಸುಲಿಯುವ ಯಂತ್ರ ಗುಡುಗಿದರೆ ಹೊನ್ನಾಳಿಯ ಹೊಳೆ ಒಂದು ಗಳಿಗೆ ನಿಂತು ಕೇಳಿಸಿಕೊಂಡು ಮುಂದೆ ಹರಿಯುತ್ತಿತ್ತು. ಅಂಥವನು, ಹೊರದೇಶದ ಯಾರೋ ಮನೆಯಂಗಳದಲ್ಲಿ ವಿಮಾನ ಕಟ್ಟುವುದನ್ನು ಫೋನಿನಲ್ಲಿ ನೋಡಿ ಸುಮ್ಮನಿರುತ್ತಾನೆಯೇ? ಅಲ್ಯೂಮಿನಿಯಂ ಪೈಪು ಜೋಡಿಸಿದ, ರೆಕ್ಕೆಗೆ ಬಟ್ಟೆ ಬಿಗಿದ, ತೇಗದ ಹಲಗೆ ಕೆತ್ತಿ ಫ್ಯಾನು ಮಾಡಿದ, ಹಳೇ ಬೈಕಿನ ಎಂಜಿನ್ ಕೂರಿಸಿದ. ಅದರ ಮೇಲೊಂದು ಹಳದಿ ಪೆಟ್ರೋಲ್ ಟ್ಯಾಂಕು. ಟ್ಯಾಂಕಿನ ಮುಚ್ಚಳಕ್ಕೆ ಸೂಜಿ ತೂರುವಷ್ಟು ತೂತು. ಅಲ್ಲಿಂದ ಗಾಳಿ ಒಳಗೆ ಹೋದರಷ್ಟೇ ಪೆಟ್ರೋಲ್ ಕೆಳಗಿಳಿಯುವುದು.

ಕೆರೆಬಿಳಚಿಯ ಅಡಿಕೆ ಮರಗಳ ನಡುವೆ ಕಾಗೆಗೂ ರೆಕ್ಕೆ ಬಿಚ್ಚಲು ಜಾಗವಿಲ್ಲ. ವಿಮಾನವನ್ನು ಟ್ರ್ಯಾಕ್ಟರಿಗೆ ಹೇರಿ ಜಗಳೂರು ಕಡೆಯ ಸೊಕ್ಕೆಗೆ ಸಾಗಿಸಿದ. ಅಲ್ಲಿ ಗೆಳೆಯ ದುರುಗೇಶನ ಹೊಲ. ಶೇಂಗಾ ಕಿತ್ತ ಮೇಲೆ ಅದೆಂಥ ಬಯಲೆಂದರೆ, ಈ ಬದುವಿನಲ್ಲಿ ಕೆಮ್ಮಿದ್ದು ಆ ಬದುವಿಗೆ ಮರುದಿನ ಕೇಳಿಸಬೇಕು.

ಹಾರಿಸುವವನು ಮಾತ್ರ ತಮ್ಮ ಬಸವರಾಜ್.

"ನೀ ಕುಂತ್ರೆ ವಿಮಾನ ಏಳಲ್ಲಣ್ಣ, ಸೊಕ್ಕೆ ನೆಲಾನೇ ಇಳಿತೈತೆ!" ಎಂದು ಅಣ್ಣನ ಹೊಟ್ಟೆ ತಟ್ಟಿ ಅವನೇ ಏರಿದ್ದ. ಹಿಂದಿನ ವಾರ ಆಳೆತ್ತರ ಎಬ್ಬಿಸಿ, ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಇಳಿಸಿಯೂ ಇದ್ದ.

ಅದು ತಾಯಿ ನಿರ್ಮಲಮ್ಮನ ಕಿವಿಗೆ ಬಿತ್ತು. "ಪೂಜೆ ಇಲ್ದಂಗೆ ಹಾರಿಸಿದ್ರೇನ್ರೋ? ಸೈಕಲ್ ತಂದ್ರೂ ಪೂಜೆ ಮಾಡ್ತೀವಿ, ಇದು ಆಕಾಶಕ್ಕೆ ಹೋಗೋದು!"

ಆ ಭಾನುವಾರ ಅವಳೂ ಬಂದಳು. ಗಾಲಿಗಳಡಿ ನಿಂಬೆಹಣ್ಣು ಇಟ್ಟಳು, ತೆಂಗಿನಕಾಯಿ ಒಡೆದಳು. ಆಮೇಲೆ ಬಟ್ಟಲಿನಲ್ಲಿ ವಿಭೂತಿ ಕಲಸಿಕೊಂಡು ಕೇಳಿದಳು: "ಇದಕ್ಕೆ ಹಣೆ ಯಾವ್ದೋ?"

"ಅಗೋ, ಆ ಹಳದಿ ಟ್ಯಾಂಕು ಕಣವ್ವ," ಎಂದು ಬಸವರಾಜ್ ನಕ್ಕ.

ಅವಳು ಸ್ಟೂಲು ಹತ್ತಿ ಮೂರು ಬೆರಳು ಎಳೆದಳು. ನಡುವಿನ ಪಟ್ಟೆ ಮುಚ್ಚಳದ ಮೇಲೇ ಹಾದುಹೋಯಿತು. ಒರೆಸಲು ವಿರೂಪಾಕ್ಷಪ್ಪನ ಕೈ ಮೇಲೆದ್ದಿತು.

"ಮುಟ್ಟಬ್ಯಾಡ! ಶಿವನ ಮುಂದೂ ನಿಂದೇ ದೊಡ್ಡಸ್ತಿಕೆ ಏನೋ?"

ದುರುಗೇಶ ಕಿಸಕ್ಕೆಂದ. ಮೂರು ತಾಲ್ಲೂಕನ್ನು ಬಾಯಲ್ಲೇ ಗೆದ್ದಿದ್ದ ವಿರೂಪಾಕ್ಷಪ್ಪ ಅವ್ವನೆದುರು ಕೈ ಕೆಳಗಿಳಿಸಿದ. ಸೊಕ್ಕೆಯ ಬಿಸಿಲಿಗೆ ವಿಭೂತಿ ಗಾರೆಯಂತೆ ಒಣಗಿತು.

ವಿಮಾನ ಓಡಿತು, ಎದ್ದಿತು, ಬೇವಿನ ಮರ ದಾಟಿತು. ವಿರೂಪಾಕ್ಷಪ್ಪ ಕುಣಿದ. ನ್ಯಾಮತಿ ಸಂತೆಯಲ್ಲಿ ಹೇಳುವಾಗ ಒಂದೆರಡು ಮೋಡ ಸೇರಿಸಬೇಕು ಅಂದುಕೊಂಡ. ಎರಡನೇ ಸುತ್ತಿಗೆ ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೊಮ್ಮೆ. ಆಮೇಲೆ ಸದ್ದೇ ಇಲ್ಲ. ವಿಮಾನ ಮೂಗು ಕೆಳಗೆ ಮಾಡಿ ಬದುವಿನಾಚೆ ಬಿತ್ತು.

ಅವನು ಓಡಿಹೋಗಿ ತಮ್ಮನ ಎದೆಗೆ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ. ಕಿವಿ ಬದಲಿಸಿ ಮತ್ತೆ ಇಟ್ಟ.

ಔಷಧಿ ಹೊಡೆಯುವ ಪಂಪುಗಳ ಜೊತೆಯೇ ಬದುಕಿದ ದುರುಗೇಶ, ಕಿತ್ತುಬಿದ್ದಿದ್ದ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು.

"ಅಣ್ಣ, ಪೆಟ್ರೋಲ್ ಐತೆ. ಈ ತೂತು ಮುಚ್ಚ್ಕಂಡು—"

ವಿರೂಪಾಕ್ಷಪ್ಪ ಅವನ ಬಾಯಿಗೆ ಕೈ ಒತ್ತಿದ. "ಉಸಿರೆತ್ತಬ್ಯಾಡ. ಅವ್ವ ಬರ್ತಾ ಅವ್ಳೆ." ಮುಚ್ಚಳ ಕಿತ್ತುಕೊಂಡು, ಉಗುರಿನಿಂದ ಕೆರೆದು, ಪಂಚೆಯಿಂದ ಉಜ್ಜಿದ.

ನಿರ್ಮಲಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅತ್ತಳು. ಅತ್ತು ಸಾಕಾಗಿ, ಎಲ್ಲೋ ನೋಡುತ್ತ ಕೇಳಿದಳು:

"ಹೋದ ವಾರ ಚೆನ್ನಾಗೇ ಹಾರ್ತಲ್ಲೋ. ಇವತ್ತೇನು ಬ್ಯಾರೆ ಮಾಡಿದ್ವಿ?"

ಅವಳ ಕಣ್ಣು ನಿಧಾನವಾಗಿ ಟ್ಯಾಂಕಿನ ಕಡೆ ಸರಿಯಿತು. ಅಲ್ಲಿಂದ ತನ್ನ ಬೆರಳುಗಳಿಗೆ ಇಳಿಯಿತು.

"ಎಂಜಿನ್ ಮೊದ್ಲೇ ಕೆಟ್ಟಿತ್ತವ್ವ," ಎಂದ ವಿರೂಪಾಕ್ಷಪ್ಪ. "ಮ್ಯಾಲೆ ಹೋದ್ರೆ ನಿಲ್ತೈತೆ ಅಂತ ನಂಗೆ ಗೊತ್ತಿತ್ತು. ಜನ ನಗ್ತಾರೆ ಅಂತ ಹೇಳ್ಲಿಲ್ಲ."

ಹುಟ್ಟಿದಾಗಿನಿಂದ ಅವನ ಮಾತಿನಲ್ಲಿ ಕಾಲುಭಾಗವನ್ನೂ ನಂಬದಿದ್ದ ತಾಯಿ ಇದನ್ನು ಇಡಿಯಾಗಿ ನಂಬಿದಳು.

"ಗೊತ್ತಿತ್ತಾ?"

"ಹೂಂ."

ಜಗಳೂರಿನಿಂದ ಬಂದ ಪೊಲೀಸರಿಗೂ ಅದನ್ನೇ ಹೇಳಿದ. ಅವರು ಬರೆದುಕೊಂಡು, ತೋಳು ಹಿಡಿದು ಜೀಪಿನತ್ತ ನಡೆಸಿದರು. ನಿರ್ಮಲಮ್ಮ ಅವನ ಮುಖ ನೋಡದೆ ದುರುಗೇಶನಿಗೆ ಹೇಳಿದಳು:

"ಬಿಟ್ಟು ಕಳಿಸಿದ್ರೂ ನನ್ ಮಗನ ಮಣ್ಣಿಗೆ ಇವನು ಬರಕೂಡ್ದು. ಒಂದು ಹಿಡಿ ಮಣ್ಣೂ ಇವನ ಕೈಯಿಂದ ಬೀಳಕೂಡ್ದು. ಹೇಳು ಇವನಿಗೆ."

ದುರುಗೇಶ ಬಾಯಿ ತೆರೆದ. ವಿರೂಪಾಕ್ಷಪ್ಪ ದೂರದಿಂದಲೇ ತಲೆಯಾಡಿಸಿದ, ಬೇಡವೆಂದು.

"ಕೇಳಿಸ್ತು ಕಣವ್ವ," ಎಂದು ಜೀಪು ಹತ್ತಿ ಕುಳಿತ.