ಪಟ್ಟಿಯಲ್ಲಿಲ್ಲದ ಸಾಲು

ಪಕ್ಕದ ಶೆಡ್ಡಿನ ಲೇತ್ ಮತ್ತೆ ಶುರುವಾಯಿತು, ಮೇಜು ಸಣ್ಣಗೆ ನಡುಗುತ್ತಿದೆ, ಪ್ಲಾಸ್ಟಿಕ್ ಕವರಿನೊಳಗೆ ಸ್ಟೀಲ್ ಡಬ್ಬಿಯೂ ನಡುಗುತ್ತಿದೆ, ತೆಗೆದು ಉಣ್ಣಲಾರೆ, ಬೆಳಿಗ್ಗೆ ಅಮರೇಶ ಕೊಟ್ಟುಹೋದದ್ದು, ತಗೋ ಪರಮಾ, ನಮ್ಮವ್ವ ಕಳ್ಸ್ಯಾಳ, ಎಂದು ನಕ್ಕು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ — ನಾನು ಎರಡು ದಿನ ಕೂತು ತುಂಬಿದ ಪೆನ್‌ಡ್ರೈವ್. ಅವನು ಹೋದದ್ದು ಊರಿನ ಆ ತುದಿಯ ಜಿಗಣಿಗೆ, ಅಲ್ಲಿನ ಕಾರ್ಖಾನೆಯ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ, ಪ್ರೋಗ್ರಾಮ್ ಓಡಲು ಬೇಕಾದ ಪೈಥಾನ್, ಅದರ ಲೈಬ್ರರಿಗಳೆಂಬ ಸಿದ್ಧ ತುಣುಕುಗಳು, ಆ ಲೈಬ್ರರಿಗಳಿಗೆ ಬೇಕಾದ ಬೇರೆ ಲೈಬ್ರರಿಗಳು, ಎಲ್ಲವೂ ಪೀಣ್ಯದ ಈ ನಮ್ಮ ಆಫೀಸಿನಿಂದಲೇ ಹೋಗಬೇಕು. ಪ್ರೋಗ್ರಾಮ್ ಬರೆದವನು ಅವನು, ಪ್ಯಾಕ್ ಮಾಡಿದವನು ನಾನು, ಆದರೆ ಬಾಸ್ ಚನ್ನವೀರಪ್ಪ ಕಾರ್ಖಾನೆಯವರಿಗೆ ಫೋನಿನಲ್ಲಿ ಹೇಳಿದ್ದು, ನಮ್ ಅಮರೇಶ್ ಸಾಫ್ಟ್‌ವೇರ್ ಸಕ್ಕತ್ತಾಗಿದೆ ಸಾರ್, ಇವತ್ತು ಓಡಿದ್ರೆ ಅವನನ್ನೇ ಟೀಮ್ ಲೀಡ್ ಮಾಡ್ಬಿಡ್ತೀನಿ, ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ, ನನ್ನ ಕಡೆ ಅವರು ನೋಡಲೂ ಇಲ್ಲ. ನಿನ್ನೆ ಸಂಜೆ ಏನೂ ಹಾಕಿರದ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ, ನಿಂತುಹೋಯಿತು. ತೂಕದ ಯಂತ್ರದಿಂದ ಅಂಕಿ ಓದುವ ಲೈಬ್ರರಿ, ಇಷ್ಟು ಬೇಕೆಂದು ಅವನು ಬರೆದುಕೊಟ್ಟ ಪಟ್ಟಿಯಲ್ಲೇ ಇಲ್ಲ, ಅವನ ಕಂಪ್ಯೂಟರಿನಲ್ಲಿ ಯಾವತ್ತೋ ಹಾಕಿಕೊಂಡಿದ್ದಾನೆ, ಅದಕ್ಕೇ ಅಲ್ಲಿ ಓಡುತ್ತದೆ, ಪಟ್ಟಿಗೆ ಬರೆಯಲು ಮರೆತಿದ್ದಾನೆ. ಒಂದು ಸಾಲು. ಸೇರಿಸಲು ಎರಡು ನಿಮಿಷ. ಸೇರಿಸಲಿಲ್ಲ. ಪಟ್ಟಿ ಅವನದು, ಕೊಟ್ಟಷ್ಟನ್ನು ಕಟ್ಟುವವನು ನಾನು, ಅಲ್ಲವೇ — ದಾಸರಹಳ್ಳಿಯ ನನ್ನ ರೂಮಿನಲ್ಲಿ ಒಂದು ಪಾತ್ರೆ, ಒಂದು ಸ್ಟೌ, ಅವನ ಮನೆಯಲ್ಲಿ ಅವನ ಅವ್ವ ಗೌರಮ್ಮ ರೊಟ್ಟಿ ಬಡಿಯುತ್ತಾರೆ, ಶೇಂಗಾ ಚಟ್ನಿಗೆ ಬೇರೆ ಡಬ್ಬಿ, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ಗೌರಮ್ಮ, ದಿನಾ ತೊಳೆದು ವಾಪಸು ಕೊಡುವಾಗ ಆ ಚುಕ್ಕಿಗಳು ಬೆರಳಿಗೆ ತಾಗುತ್ತವೆ, ಅವನ ಮನೆಯ ಮುಚ್ಚಳಕ್ಕೂ ಹೆಸರಿದೆ, ಪ್ರೋಗ್ರಾಮಿನ ಮೊದಲ ಸಾಲಿನಲ್ಲೂ ಅವನದೇ ಹೆಸರಿದೆ, ನನ್ನದು ಎಲ್ಲಿ, ಪೆನ್‌ಡ್ರೈವಿನ ಮೇಲೆ ಯಾರಾದರೂ ಹೆಸರು ಕೊರೆಯುತ್ತಾರೆಯೇ. ಫೋನು. ಅಮರೇಶ. ಎತ್ತಬಾರದು, ಎತ್ತಿದೆ. ಪರಮಾ, ಎರರ್ ಬರಾಕತ್ತೇತಲೇ, ಯಾವ್ದೋ ಲೈಬ್ರರಿ ಇಲ್ಲಂತ, ಎಲ್ಲಾರೂ ತಲಿ ಮ್ಯಾಲೆ ನಿಂತಾರ. ಬೆಳಿಗ್ಗೆಯಿಂದ ಕಾಯುತ್ತಿದ್ದ ಮಾತು, ಬಾಯಿ ಸಿಹಿಯಾಗಬೇಕಿತ್ತು, ಆಗಲಿಲ್ಲ. ಬಾಸ್ ಬೈದ್ರ ತಲಿ ಕೆಡಿಸ್ಕೋಬ್ಯಾಡ, ಲಿಸ್ಟ್ ಕೊಟ್ಟಾಂವ ನಾನು, ತಪ್ಪು ನಂದೇ ಅಂತ ಹೇಳೇನಿ, ಪರಮ ಕಟ್ಟಿದ್ರಾಗ ತಪ್ಪಿರೂದಿಲ್ಲ ಅಂದೆ. ಐದರ ತನಕ ಕಾಯ್ತಾರಂತ, ಅದನ್ನೊಂದು ಹಾಕ್ಕೊಂಡು ಬರ್ತಿ? ಉಂಡ್ಯಾ? ಹೊಸಾ ಡಬ್ಬಿ ನೋಡಿದಿ? ಅದನ್ನ ವಾಪಸ್ ತರಬ್ಯಾಡ, ಅದು ನಿಂದಂತ, ಅವ್ವ ಹೇಳ್ಯಾಳ. ಹೇಳಬೇಕು, ಅದಿಲ್ಲವೆಂದು ನಿನ್ನೆಯೇ ಗೊತ್ತಿತ್ತು, ಆ ಲೈಬ್ರರಿಯ ಫೈಲು ನಿನ್ನೆಯಿಂದ ನನ್ನ ಕಣ್ಣೆದುರೇ ಇದೆ, ಈಗ ಬಸ್ಸು ಹತ್ತಿದರೂ ಐದರೊಳಗೆ ಜಿಗಣಿ — ಹಲೋ, ಪರಮಾ, ಅದಿಯೇನೋ — ಕವರು ಸರಿಸುತ್ತೇನೆ, ಮುಚ್ಚಳ ತಣ್ಣಗಿದೆ, ಬೆರಳಿಗೆ ಚುಕ್ಕಿ, ಮತ್ತೆ ಚುಕ್ಕಿ, ಗೌರಮ್ಮ ಅಲ್ಲ, ಪ, ರ, ಲೇತ್ ನಿಂತಿದೆ, ಹಲೋ, ಹೊಸ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಪರಮಾನಂದ