ಹಕ್ಕಿಯ ಬೆನ್ನಿನ ಸೀಳು

ಬೆಳಿಗ್ಗೆ ಎಂಟಕ್ಕೆ ಟೈಲರಮ್ಮ ಹೊಲಿಗೆ ಕೋಣೆಯ ಬೀಗ ತೆಗೆದಾಗ ಗೊಂಬೆ ಮತ್ತೆ ಬಗ್ಗಿಕೊಂಡಿತ್ತು.

ತೀರಾ ತಲೆಕೆಳಗಲ್ಲ. ಬಾವಿಗೆ ಬಿದ್ದ ಕೊಡ ಕಾಣುತ್ತದೇನೋ ಎಂದು ಕಟ್ಟೆಯ ಮೇಲಿಂದ ಬಗ್ಗಿ ನೋಡುತ್ತಾರಲ್ಲ, ಅಷ್ಟು. ಇಲಿ ಕಾಟಕ್ಕೆ ಹೆದರಿ ಅದನ್ನು ತೊಲೆಯ ಕೊಕ್ಕೆಗೆ ತೂಗುಹಾಕುವುದು ಮೊದಲಿನಿಂದ ಬಂದ ರೂಢಿ. ನಿನ್ನೆ ಸಂಜೆ ಅವಳೇ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಸರಿದು, ಸರಿಯಿದೆ ಎಂದು ನೋಡಿಯೇ ಹೋಗಿದ್ದಳು. ಕಿಟಕಿ ಮುಚ್ಚಿತ್ತು. ಫ್ಯಾನು ಕೆಟ್ಟು ತಿಂಗಳಾಗಿತ್ತು. ಆದರೂ ನೀಲಿ ಉಡುಪು, ಬೆಳ್ಳಿಬಣ್ಣದ ಶಾಲು, ಮುಖವಾಡ ತೊಟ್ಟ ಗೊಂಬೆ ಸತತ ಮೂರನೆಯ ದಿನ ನೆಲವನ್ನೇ ನೋಡುತ್ತಿತ್ತು. ಮುಖವಾಡದ ಕಣ್ಣಿನ ತೂತುಗಳಲ್ಲಿ ಒಳಗಿನ ಬಿಳಿಬಟ್ಟೆ ಕಾಣುತ್ತಿತ್ತು.

"ನಿನ್ನೆ ನೆಟ್ಟಗೇ ಇದ್ದೆಯಲ್ಲೇ," ಎಂದಳು. ಅಂದ ಮೇಲೆ, ಅದರ ಜೊತೆ ಮಾತಾಡಬಾರದಿತ್ತು ಅನ್ನಿಸಿತು.

ಹಳೆಯ ಹತ್ತಿ ಗೋದಾಮನ್ನು ಬಾಡಿಗೆಗೆ ಹಿಡಿದು ಟೀವಿ ಧಾರಾವಾಹಿಯ ಕಂಪನಿ ಅಲ್ಲಿ ಸೆಟ್ಟು ಹಾಕಿತ್ತು. ಹಾರಬಲ್ಲ ಹುಡುಗಿಯೊಬ್ಬಳ ಕತೆ ಅದು. ಶಾಲೆಯಲ್ಲಿ ಅವಳು ಎಲ್ಲರಂತೆ ಬೆಂಚಿನ ತುದಿಯಲ್ಲಿ ಕೂರುವ ಪೋರಿ. ಊರಿಗೆ ಕಷ್ಟ ಬಂದರೆ ಮುಖವಾಡ ಹಾಕಿ ಹಾರಿಹೋಗುತ್ತಾಳೆ, ತಿರುಗಿ ಬಂದು ಅಮ್ಮನಿಗೆ ಸುಳ್ಳು ಹೇಳುತ್ತಾಳೆ. ಆ ಪಾತ್ರ ಮಾಡುವ ಹದಿನಾರರ ಹುಡುಗಿಯನ್ನು ಕ್ಯಾಮೆರಾದವನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಹಕ್ಕಿ ಎಂದೇ. ಗೊಂಬೆ ಅವಳದೇ ಅಳತೆಯದು. ಟೈಲರಮ್ಮ ಹಳೇ ಬಟ್ಟೆಚೂರು ತುಂಬಿ ಮಾಡಿದ್ದು.

ಹಕ್ಕಿಯನ್ನು ಹಾರಿಸುತ್ತಿದ್ದವನು ಟೈಲರಮ್ಮನ ಮೈದುನ, ತೀರಿಕೊಂಡ ಗಂಡನ ಬೆನ್ನಿಗೆ ಬಿದ್ದ ತಮ್ಮ. ಹುಲ್ಲಿನ ಗಾಡಿಗೆ ಹಗ್ಗ ಬಿಗಿಯುತ್ತ ಬೆಳೆದ ಕೈ. ಇಲ್ಲಿ ಅವನು ಎಲ್ಲರಿಗೂ ಹಗ್ಗದಣ್ಣ. ಗಂಡ ಹೋದಮೇಲೆ ಅತ್ತಿಗೆಯನ್ನು ಕರೆತಂದು ಹೊಲಿಗೆ ಯಂತ್ರದ ಮುಂದೆ ಕೂರಿಸಿದವನೂ ಅವನೇ.

ಉಡುಪಿನೊಳಗೆ ಹುಡುಗಿಯ ಮೈಗೆ ದಪ್ಪ ಬೆಲ್ಟು. ಅದರ ಬೆನ್ನಿಗೆ ಗೇಣುದ್ದದ ಪಟ್ಟಿ, ಪಟ್ಟಿಯ ತುದಿಗೆ ಕಬ್ಬಿಣದ ಉಂಗುರ. ಉಡುಪಿನ ಬೆನ್ನಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಒಂದು ಸೀಳು. ಉಡಿಸುವಾಗ ಆ ಸೀಳಿನಿಂದ ಉಂಗುರವನ್ನು ಹೊರಗೆಳೆದು ಕೊಡುವುದು ಟೈಲರಮ್ಮನ ಕೆಲಸ. ಅದಕ್ಕೆ ಉಕ್ಕಿನ ಹಗ್ಗದ ಕೊಕ್ಕೆ ಸಿಕ್ಕಿಸಿ, ಮೂರು ಸಲ ಜಗ್ಗಿ ನೋಡಿ, ರಾಟೆಯಿಂದ ಮೇಲೆತ್ತುವುದು ಮೈದುನನ ಕೆಲಸ. ಹಗ್ಗಕ್ಕೆ ತಾಗುವ ಯಾವುದನ್ನೇ ಬದಲಿಸಿದರೂ ಅವನಿಗೆ ಹೇಳಿಯೇ ಬದಲಿಸಬೇಕು. ಗೋದಾಮಿನಲ್ಲಿ ಇದ್ದದ್ದು ಅದೊಂದೇ ಕಟ್ಟುನಿಟ್ಟು.

ಎರಡು ವಾರದ ಹಿಂದೆ ಕ್ಯಾಮೆರಾದವನು, "ಟೈಲರಮ್ಮಾ, ಹಕ್ಕಿ ಬೆನ್ನಲ್ಲಿ ಉಂಗುರ ಮಿಂಚ್ತಾ ಇದೆ. ಹಿಂಗೆ ಕಂಡ್ರೆ ನಾಳೆ ಮಕ್ಕಳೆಲ್ಲ ನಗ್ತಾರೆ," ಎಂದ. ಅವಳು ಆ ಸೀಳನ್ನು ಹೊಲಿದು ಮುಚ್ಚಿ, ಆರು ಬೆರಳು ಕೆಳಗೆ ಹೊಸದು ಕತ್ತರಿಸಿದಳು, ಅದು ಶಾಲಿನ ನೆರಿಗೆಯೊಳಗೆ ಅಡಗಿತು. ಕ್ಯಾಮೆರಾದವನು ಭೇಷ್ ಅಂದ. ಮೈದುನನಿಗೆ ಹೇಳಬೇಕೆಂದೇ ಇದ್ದಳು. ಅವನು ಅವತ್ತು ಅವಳ ಕನ್ನಡಕದ ಬಗ್ಗೆ ಏನೋ ಗೇಲಿ ಮಾಡಿದ್ದ, ಇವಳು ಮುಖ ಊದಿಸಿಕೊಂಡಿದ್ದಳು. ಊಟ ಆದಮೇಲೆ ಹೇಳಿದರಾಯಿತು ಅಂದುಕೊಂಡಳು. ಊಟಕ್ಕೆ ಮುಂಚೆಯೇ ಹಕ್ಕಿ ಹಾರಿದಳು. ನೆರಿಗೆಯಿಂದ ಎಳೆದುಕೊಟ್ಟ ಉಂಗುರಕ್ಕೆ ಮೈದುನ ಎಂದಿನಂತೆ ಕೊಕ್ಕೆ ಹಾಕಿದ, ಸೀಳು ಅವನ ಕಣ್ಣಿಗೆ ಬೀಳಲಿಲ್ಲ. ಹೆಗಲ ನಡುವೆ ಹಿಡಿದು ಎತ್ತಬೇಕಾದವಳನ್ನು ಸೊಂಟದ ಹತ್ತಿರ ಹಿಡಿದು ಎತ್ತಿದಂತಾಯಿತು. ಹುಡುಗಿ ಗಾಳಿಯಲ್ಲೇ ಮುಂದಕ್ಕೆ ಮುಗ್ಗರಿಸಿದಳು. ಸೆಟ್ಟಿನ ಸುಳ್ಳು ಮಹಡಿಯ ನಿಜವಾದ ಕಬ್ಬಿಣದ ಅಂಚು ಹಣೆಗೆ ಬಡಿಯಿತು.

ಹಕ್ಕಿ ಬದುಕಿದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಳು, ಮಾತು ಮರಳಿತ್ತು, ಆ ದಿನದ ನೆನಪು ಮಾತ್ರ ಇರಲಿಲ್ಲ. ಅವಳ ಮೈಯಿಂದ ತೆಗೆದ ಉಡುಪು ಅದೇ ಮಧ್ಯಾಹ್ನ ಚೀಲದಲ್ಲಿ ಹೊಲಿಗೆ ಕೋಣೆಗೆ ಬಂತು. ಟೈಲರಮ್ಮ ರಕ್ತ ಒರೆಸಿದಳು. ಒರೆಸುತ್ತ ಒರೆಸುತ್ತ, ಕೈ ತನ್ನಷ್ಟಕ್ಕೆ ಮಾಡಿದಂತೆ, ಕೆಳಗಿನ ಸೀಳನ್ನು ಹೊಲಿದು ಮುಚ್ಚಿದಳು, ಮೇಲಿನದನ್ನು ಬಿಚ್ಚಿದಳು. ಉಡುಪು ರೆಕ್ಸಿನ್ನಿನದು. ಬಟ್ಟೆಯಾದರೆ ಒಗೆತಕ್ಕೆ ಹೊಲಿಗೆಯ ಗುರುತು ಮಾಯುತ್ತದೆ, ರೆಕ್ಸಿನ್ನಿಗೆ ಚುಚ್ಚಿದ ತೂತು ಸಾಯುವತನಕ ತೂತೇ. ಅದಕ್ಕೇ ಆ ಜಾಗಕ್ಕೆ ಅಲಂಕಾರದ ಹಾಗೆ ಒಂದು ಬೆಳ್ಳಿಪಟ್ಟಿ ಕೂರಿಸಿದಳು. ಚಂದವಾಗಿಯೇ ಕಂಡಿತು.

ತಪ್ಪು ಹಗ್ಗದಣ್ಣನ ತಲೆಗೆ ಬಂತು.

ಇವತ್ತು ಮಧ್ಯಾಹ್ನ ಪರೀಕ್ಷೆ. ಗೊಂಬೆಗೆ ಹಕ್ಕಿಯಷ್ಟೇ ಭಾರ ತುಂಬಿ, ಅದೇ ಉಡುಪಿನಲ್ಲಿ, ಅದೇ ಹಗ್ಗದಲ್ಲಿ ಎತ್ತಿ ನೋಡುವುದು. ಹೊರಗಿನಿಂದ ವಿಚಾರಣೆಗೆಂದು ಒಬ್ಬ ಹೆಂಗಸು ಬರುವವಳಿದ್ದಳು. ಮೈದುನನ ತಪ್ಪೆಂದು ಬರೆದರೆ ಮುಂದೆ ಯಾವ ಸೆಟ್ಟಿನಲ್ಲೂ ಅವನ ಕೈಗೆ ಹಗ್ಗ ಕೊಡುವವರಿಲ್ಲ.

ಹತ್ತರ ಹೊತ್ತಿಗೆ ಅವನು ಮರಳಿನ ಚೀಲಗಳನ್ನು ಹೊತ್ತು ತಂದ. ಅಷ್ಟರಲ್ಲಿ ಅವಳು ಗೊಂಬೆಯನ್ನು ಇಳಿಸಿ ಮೇಜಿನ ಮೇಲೆ ಬೋರಲು ಮಲಗಿಸಿ, ಉಡುಪು ಕಳಚಿ, ಬೆನ್ನ ಹೊಲಿಗೆ ಬಿಚ್ಚಿದ್ದಳು. ಇಬ್ಬರೂ ಸೇರಿ ತುಂಬತೊಡಗಿದರು. ಕಾಲುಗಳಿಗೆ, ಹೊಟ್ಟೆಗೆ, ಎದೆಗೆ. ಬಟ್ಟೆಯ ಕೈಗಳು ಮೆಲ್ಲಗೆ ಭಾರವಾಗಿ ಮೇಜಿನಿಂದ ಜೋತುಬಿದ್ದವು.

"ಅತ್ತಿಗೆ, ಒಂದು ಮಾತು ಹೇಳ್ಲಾ? ನಗಬಾರ್ದು."

"ನಗೋ ಹಂಗಿದೆಯಾ ನಮ್ಮ ಬಾಳು? ಹೇಳು."

"ಕೊಕ್ಕೆ ಹಾಕಿದ್ಮೇಲೆ ಮೂರು ಸಲ ಜಗ್ಗಿ ನೋಡ್ತೀನಲ್ಲ, ಅವತ್ತೂ ಜಗ್ಗಿದ್ದೆ ಅಂತಾನೇ ಅಂದ್ಕೊಂಡಿದ್ದೆ. ಆಮೇಲಾಮೇಲೆ ಎರಡೇ ಸಲ ಏನೋ ಅನ್ನಿಸ್ತು. ನಿನ್ನೆಯಿಂದ ಒಂದೇ ಸಲ ಅನ್ನಿಸ್ತಿದೆ." ಅವನು ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ನಾಳೆ ಹೊತ್ತಿಗೆ ಜಗ್ಗಲೇ ಇಲ್ಲ ಅನ್ಸುತ್ತೇನೋ."

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ತೂತಿಗೆ ಹೋಗಲೊಲ್ಲದು.

"ಇನ್ನೊಂದು," ಎಂದ ಅವನು, ದನಿ ತಗ್ಗಿಸಿ. "ಈ ಗೊಂಬೆ ಬೆಳಿಗ್ಗೆ ಬೆಳಿಗ್ಗೆ ಬಗ್ಗಿಕೊಂಡಿರುತ್ತೆ ಅತ್ತಿಗೆ. ನೀವು ಬರೋಕೆ ಮುಂಚೆ ಕಿಟಕಿ ಗಾಜಿನಿಂದ ನೋಡ್ತಿದ್ದೀನಿ. ಥೇಟ್ ಅವಳು ಬಿದ್ದ ಹಾಗೇ. ನನಗೇ ತೋರಿಸ್ತಾ ಇದೆ ಅನ್ಸುತ್ತೆ. ನೀವು ನೋಡಿಲ್ವಾ?"

"ಇಲ್ಲಪ್ಪ," ಎಂದಳು ಟೈಲರಮ್ಮ. "ನೆಟ್ಟಗೇ ಇರುತ್ತಲ್ಲ."

ಮೈದುನ ಮರಳಿನ ಖಾಲಿ ಚೀಲ ಮಡಚಿದ. "ಹಂಗಾದ್ರೆ ನನಗೇ ಏನೋ ಆಗಿದೆ ಬಿಡಿ," ಎಂದು ನಕ್ಕ.

ನಂಬಿಬಿಟ್ಟ. ಅವಳಿಗೆ ಹಕ್ಕಿಯ ಮಾತು ನೆನಪಾಯಿತು. ಸೊಂಟದ ಅಳತೆ ಕೊಡುತ್ತ ನಿಂತಾಗ ಹುಡುಗಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಕೇಳಿದ್ದಳು ಟೈಲರಮ್ಮ, "ದಿನಾ ಕ್ಯಾಮೆರಾ ಮುಂದೆ ಅಮ್ಮಂಗೆ ಅಷ್ಟು ಸುಳ್ಳು ಹೇಳ್ತೀಯಲ್ಲೇ, ನಾಲಿಗೆ ತಡವರಿಸಲ್ವಾ?" "ಹೇಳೋದು ಸುಲಭ ಆಂಟಿ," ಎಂದಿದ್ದಳು ಹಕ್ಕಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. "ಆಮೇಲೆ ಅಮ್ಮ ನಂಬಿಬಿಡ್ತಾಳಲ್ಲ, ಆ ಸೀನೇ ನನಗೆ ಆಗಲ್ಲ."

ಟೈಲರಮ್ಮ ಗೊಂಬೆಯ ಬೆನ್ನು ಹೊಲಿದು ಮುಗಿಸಿ, ಬೆಲ್ಟು ಬಿಗಿದು ಉಡುಪು ತೊಡಿಸಿ, ಮೇಲಿನ ಸೀಳಿನಿಂದ ಉಂಗುರ ಹೊರಗೆಳೆದಳು. ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು. ಅದನ್ನು ಆಸೆ ಅನ್ನಬೇಕೋ ಹೆದರಿಕೆ ಅನ್ನಬೇಕೋ. ಮೂರು ದಿನ ಬಗ್ಗಿದ್ದು ಇವತ್ತೂ ಬಗ್ಗುತ್ತದೆ. ಎಲ್ಲರೂ ನೋಡುತ್ತಾರೆ. ಯಾಕೆ ಬಗ್ಗಿತು ಎಂದು ಅವರೇ ಹುಡುಕುತ್ತಾರೆ, ಬೆಳ್ಳಿಪಟ್ಟಿ ಕಣ್ಣಿಗೆ ಬೀಳುತ್ತದೆ. ತಾನು ಬಾಯಿ ಬಿಡಬೇಕಾಗಿ ಬರುವುದಿಲ್ಲ.

ಮೂರು ಗಂಟೆಗೆ ಗೋದಾಮಿನ ನಡುವೆ ಎಲ್ಲರೂ ಸೇರಿದರು. ಬಿದ್ದ ದಿನದ ಸುಳ್ಳು ಮಹಡಿ ಹಾಗೇ ಇತ್ತು. ವಿಚಾರಣೆಯ ಹೆಂಗಸು ಉಂಗುರ ಮುಟ್ಟಿ ನೋಡಿದಳು, ಬೆಲ್ಟು ನೋಡಿದಳು, ತಲೆಯಾಡಿಸಿದಳು. ಮೈದುನ ಕೊಕ್ಕೆ ಹಾಕಿ ಮೂರು ಸಲ ಜಗ್ಗಿದ, "ಒಂದು, ಎರಡು, ಮೂರು," ಎಂದು ಎಲ್ಲರಿಗೂ ಕೇಳುವಂತೆ ಎಣಿಸುತ್ತ. ರಾಟೆ ಕಿರುಗುಟ್ಟಿತು. ಗೊಂಬೆಯ ಕಾಲು ನೆಲ ಬಿಟ್ಟಿತು.

ಟೈಲರಮ್ಮ ಅದರ ತಲೆಯನ್ನೇ ನೋಡುತ್ತಿದ್ದಳು.

ಗೊಂಬೆ ನೆಟ್ಟಗೆ ಎದ್ದಿತು. ಕೊಂಚವೂ ವಾಲಲಿಲ್ಲ. ತುಂಬಿದ ಕೊಡವನ್ನು ತುಳುಕದಂತೆ ಎತ್ತಿದ ಹಾಗೆ ಮಹಡಿಯ ಎತ್ತರಕ್ಕೆ ಹೋಗಿ ಅಲ್ಲೇ ನಿಂತಿತು. ನಿಧಾನವಾಗಿ ಸುತ್ತಿ, ಮುಖವಾಡ ಅವಳತ್ತ ತಿರುಗಿದಾಗ ಸುತ್ತುವುದು ನಿಂತಿತು.

ಬಗ್ಗು, ಎಂದಳು ಮನಸ್ಸಿನಲ್ಲೇ. ಬಗ್ಗೇ.

"ಉಡುಪಲ್ಲಿ ದೋಷ ಇಲ್ಲ, ಬೆಲ್ಟಲ್ಲಿ ಇಲ್ಲ, ಹಗ್ಗದಲ್ಲೂ ಇಲ್ಲ," ಎಂದಳು ವಿಚಾರಣೆಯ ಹೆಂಗಸು, ಬರೆಯುತ್ತ. "ಇನ್ನು ಉಳಿಯೋದು ಹಾಕಿದ ಕೈ."

ಕಂಪನಿಯ ಮ್ಯಾನೇಜರು ಮೈದುನನತ್ತ ತಿರುಗಿದ. "ಏನಂತೀಯ ಹಗ್ಗದಣ್ಣ?"

ಮೈದುನ ಮೇಲೆ ತೂಗುತ್ತಿದ್ದ ಗೊಂಬೆಯನ್ನು ನೋಡಿದ, ತನ್ನ ಕೈ ನೋಡಿಕೊಂಡ. "ನಾನು ಜಗ್ಗಿ ನೋಡ್ಲಿಲ್ಲ ಸಾರ್," ಎಂದ. "ಅವತ್ತು ಒಂದು ಸಲಾನೂ ನೋಡ್ಲಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಈಗ ಅದೇ ನಿಜವಾಗಿತ್ತು.

"ಇಳಿಸು," ಎಂದಳು ಟೈಲರಮ್ಮ.

"ನೀವು ಸುಮ್ನಿರಿ ಅತ್ತಿಗೆ."

"ಇಳಿಸೋ ಅಂದ್ರೆ! ಕಿವಿ ಕೇಳಲ್ವಾ ನಿನಗೆ?"

ಗೊಂಬೆ ಇಳಿಯಿತು. ಅವಳು ಕತ್ತರಿಯ ತುದಿ ಕೊಟ್ಟು ಶಾಲಿನ ಕೆಳಗಿನ ಬೆಳ್ಳಿಪಟ್ಟಿಯನ್ನು ಒಂದೇ ಎಳೆತಕ್ಕೆ ಕಿತ್ತಳು. ಕೆಳಗೆ ಮುಚ್ಚಿದ ಸೀಳು, ಅದರ ಎರಡೂ ಬದಿಗೆ ಇರುವೆಯ ಸಾಲಿನ ಹಾಗೆ ಸೂಜಿಯ ತೂತು.

"ಇದು ಅವತ್ತಿನ ಸೀಳು," ಎಂದಳು, ಮ್ಯಾನೇಜರಿಗಲ್ಲ, ವಿಚಾರಣೆಯವಳಿಗೂ ಅಲ್ಲ. "ನಾನೇ ಇಳಿಸಿದ್ದು. ಇವನಿಗೆ ಹೇಳ್ಲಿಲ್ಲ. ಅವಳು ಬಿದ್ದ ಮಧ್ಯಾಹ್ನ ನಾನೇ ಮುಚ್ಚಿದೆ. ತೂತು ನೋಡಿ. ರೆಕ್ಸಿನ್ನು ಮರೆಯಲ್ಲ."

ಅವಳು ಹೊಲಿಗೆ ಬಿಚ್ಚಿ, ಉಂಗುರವನ್ನು ಕೆಳಗಿನ ಸೀಳಿನಿಂದ ಹೊರತೆಗೆದು, ಮೈದುನನ ಕೈಗೆ ಕೊಟ್ಟಳು. ಅವನು ಕೊಕ್ಕೆ ಹಾಕಿದ. ಮೂರು ಸಲ ಜಗ್ಗಿದ. ಈ ಸಲ ಎಣಿಸಲಿಲ್ಲ. ಎತ್ತಿದ.

ಪಾದ ನೆಲ ಬಿಡುತ್ತಲೇ ಗೊಂಬೆ ಮುಂದಕ್ಕೆ ಮುಗ್ಗರಿಸಿತು. ಬೆಳಗಿನ ಅದೇ ಬಾಗು, ಬಾವಿಯೊಳಗೆ ನೋಡುವ ಅದೇ ಭಂಗಿ. ಮೇಲೇರಿದಂತೆ ಹಣೆ ಹೋಗಿ ಮಹಡಿಯ ಅಂಚಿಗೆ ಬಡಿದ ಸದ್ದಿಗೆ ಕ್ಯಾಮೆರಾದವನು ಕಣ್ಣು ಮುಚ್ಚಿಕೊಂಡ.

ಎಲ್ಲರೂ ಚದುರಿದ ಮೇಲೆ ಮೈದುನ ಹಗ್ಗ ಸುತ್ತುತ್ತ ಕೂತಿದ್ದ. ತಲೆಯೆತ್ತದೆ ಕೇಳಿದ, "ಬೆಳಿಗ್ಗೆ ಗೊಂಬೆ?"

"ಬಗ್ಗಿತ್ತು. ಮೂರು ದಿನಾನೂ."

"ನೀವು ಇಲ್ಲ ಅಂದ್ರಿ."

"ಹೂಂ."

"ಅವಳು ಬಿದ್ದಿದ್ದಕ್ಕಿಂತ ಅದೇ ಜಾಸ್ತಿ ನೋವಾಯ್ತು ನನಗೆ," ಎಂದ ಅವನು. ಸುತ್ತಿದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎದ್ದ. ಅತ್ತಿಗೆ ಎನ್ನಲಿಲ್ಲ, ಬರುತ್ತೇನೆ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೀಲಿ ಒಪ್ಪಿಸಿ ತನ್ನ ಕತ್ತರಿ ತೆಗೆದುಕೊಂಡು ಹೋಗಲು ಬಂದಳು. ಕೆಲಸ ಹೋಗಿತ್ತು, ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಯಾರೋ ಗೊಂಬೆಯನ್ನು ಮರಳಿನ ಸಮೇತ ಒಳಗೆ ತಂದು ತೊಲೆಗೆ ತೂಗುಹಾಕಿದ್ದರು. ಕೊಕ್ಕೆಗೆ ಸಿಕ್ಕಿಸಿದ ಉಂಗುರ ಇನ್ನೂ ಕೆಳಗಿನ ಸೀಳಿನಲ್ಲೇ ಇತ್ತು. ಅವಳು ಬೆರಳಿಟ್ಟು ನೋಡಿದಳು, ಎರಡು ಸಲ ನೋಡಿದಳು.

ಗೊಂಬೆ ನೆಟ್ಟಗೆ ನಿಂತಿತ್ತು.

ಅವಳು ನಿನ್ನೆ ಕಿತ್ತ ಬೆಳ್ಳಿಪಟ್ಟಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಆಸ್ಪತ್ರೆಯಲ್ಲಿ ಹುಡುಗಿ ತನಗೇನಾಯಿತೆಂದು ಬಂದವರನ್ನೆಲ್ಲ ಕೇಳುತ್ತಿದ್ದಾಳಂತೆ. ಹೋಗಿ ತಾನೇ ಹೇಳಬೇಕು, ತೋರಿಸದೆ ಹೇಳಲು ಬರುವುದಿಲ್ಲ.

"ಹೊರಟೆ ಕಣೇ," ಎಂದಳು. ಈ ಸಲ ಮಾತಾಡಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ. ಬಾಗಿಲೆಳೆದುಕೊಳ್ಳುವಾಗ ಬೆನ್ನ ಹಿಂದೆ ತೊಲೆಯ ಕೊಕ್ಕೆ ಒಮ್ಮೆ ಕಿರುಗುಟ್ಟಿತು, ಭಾರವಾದ ಏನೋ ನಿಧಾನಕ್ಕೆ ಅವಳತ್ತ ತಿರುಗಿದ ಹಾಗೆ. ಅವಳು ಹಿಂತಿರುಗಿ ನೋಡದೆ ಬೀಗ ಹಾಕಿದಳು.